ಡುಬ್ಬದ ಕೌದಿ

ಅವರ ಬಲಗೈ ಹೆಬ್ಬೆರಳಿಗೆ ಸೂಜಿ ಚುಚ್ಚಿದರೂ ರಕ್ತ ಬರುತ್ತಿರಲಿಲ್ಲ, ಅಷ್ಟು ಜಡ್ಡುಗಟ್ಟಿತ್ತು. ಅಫಜಲಪುರದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವರದು. ಓಣಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದರು. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಹಳೆಯ ಸೀರೆಗಳನ್ನು ಪದರದ ಮೇಲೆ ಪದರ ಹಾಸಿ, ಅಂಗೈ ಆಡಿಸಿ, ತಗ್ಗು ಸಿಕ್ಕಲ್ಲಿ ಚಿಂದಿ ತುಂಬುವರು. "ಕಣ್ಣು ಸುಳ್ಳು ಹೇಳ್ತಾವ ಬೇ, ಅಂಗೈ ಹೇಳಂಗಿಲ್ಲ" ಎನ್ನುವುದು ಅವರ ಮಾತು.

ಅಂಥವರೂ ಒಮ್ಮೆ ಎಡವಿದರು. ಮೊಣಕಾಲು ನೋವೆಂದು ನೆಲ ಬಿಟ್ಟು, ಜೋತುಬಿದ್ದ ಹಗ್ಗದ ಹೊರಸಿನ ಮೇಲೆ ಕೌದಿ ಹಾಸಿ ಹೊಲಿದರು. ನಡುವಿನ ತಗ್ಗಿಗೆ ಚಿಂದಿ ತುಂಬಿ ತುಂಬಿ ಮೇಲೆ ಸಪಾಟು ಮಾಡಿದರು. ಮರುದಿನ ಅವರ ಯಜಮಾನರು ಹೊರಸಿನ ಹಗ್ಗ ಬಿಗಿದರು. ತಗ್ಗಿದ್ದಲ್ಲೇ ಕೌದಿ ಡುಬ್ಬವಾಗಿ ಎದ್ದು ಕೂತಿತು. ಓಣಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಖಾಲಾ. ಯಾರೂ ಒಯ್ಯದ ಆ ಕೌದಿ ಅವರಲ್ಲೇ ಉಳಿಯಿತು.

ಎಂಬತ್ತರ ದಶಕದಲ್ಲಿ ನಾನು ಬೊಂಬಾಯಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಕಚೇರಿಯಲ್ಲಿ ನಾನೊಬ್ಬಳೇ ಹೆಣ್ಣು. ಸಮುದ್ರದೊಳಗೆ ಸದ್ದು ಕಳಿಸಿ, ಮರಳಿ ಬಂದ ದನಿಯಿಂದ ತಳದ ಕಲ್ಲುಪದರಗಳ ಚಿತ್ರ ತೆಗೆಯುತ್ತಿದ್ದೆವು. ಎಣ್ಣೆ, ಅನಿಲ ಮೇಲಕ್ಕೆ ಹತ್ತಿ, ಕಲ್ಲುಪದರ ಡುಬ್ಬವಾಗಿ ಎದ್ದಲ್ಲಿ ಅದರಡಿ ಸಿಕ್ಕಿಕೊಳ್ಳುತ್ತವೆ. ನನ್ನ ಪಾಲಿನ ಚಿತ್ರದಲ್ಲಿ ಚೆಂದದ ಡುಬ್ಬವೊಂದಿತ್ತು, ಅದರ ನಡುವೆ ಪದರ ದಪ್ಪಗಿತ್ತು. ಕಚೇರಿಯ ಹಿರಿಯರು ಒಪ್ಪಲಿಲ್ಲ. ಅದು ಮೊದಲಿನಿಂದಲೂ ದಿಬ್ಬ, ದಿಬ್ಬದ ಮೇಲೆ ಎಣ್ಣೆ ಹುಟ್ಟುವಷ್ಟು ಕೆಸರು ಕೂರುವುದಿಲ್ಲ, ಪದರ ತೆಳ್ಳಗಿರಬೇಕು, ನೀನು ದಪ್ಪ ಬರೆದದ್ದೇ ತಪ್ಪು ಎಂದರು. ರಜೆಯಿಂದ ಬಂದಾಗ ಆ ದಪ್ಪಕ್ಕೆ ಕಾರಣ ಹೇಳಬೇಕು, ಇಲ್ಲವಾದರೆ ಜಾಗ ಕೈಬಿಡುವುದೆಂದಾಯಿತು.

ಊರಿಗೆ ಬಂದು ಖಾಲಾ ಅವರ ಕಟ್ಟೆಯ ಮೇಲೆ ಕೂತು, ನೋಟುಬುಕ್ಕಿನಲ್ಲಿ ನೆನಪಿನಿಂದ ಅದೇ ಗೆರೆಗಳನ್ನು ಬರೆದು ಅಳಿಸುತ್ತಿದ್ದೆ. ಅವರು ಬಗ್ಗಿ ನೋಡಿದರು.

"ಇದೇನು ಬೇ, ನನ್ನ ಡುಬ್ಬದ ಕೌದಿ ಬರ್ದಿಯಲ್ಲ?"

"ಕೌದಿ ಅಲ್ಲರಿ ಖಾಲಾ, ಸಮುದ್ರದ ತಳ."

"ಯಾವುದರೇ ಇರಲಿ. ನಡುವ ದಪ್ಪ ಅದ ಅಂದ್ರ ಅಲ್ಲಿ ಮೊದಲ ತಗ್ಗಿತ್ತು. ತುಂಬಿದ ಮ್ಯಾಲ ಎತ್ಯಾರ."

ಹೌದಲ್ಲ! ಕುಸಿದ ತಗ್ಗು, ಅದರಲ್ಲಿ ಯುಗಯುಗ ತುಂಬಿದ ಕೆಸರು, ಆಮೇಲೆ ಭೂಮಿಯೇ ಎರಡೂ ಕಡೆಯಿಂದ ಅಮುಕಿ ತಗ್ಗನ್ನು ದಿಬ್ಬ ಮಾಡಿತ್ತು. ಪುಸ್ತಕದಲ್ಲಿ ಓದಿದ್ದೆ, ಕಣ್ಣೆದುರಿಗಿದ್ದಾಗ ಕಾಣಲಿಲ್ಲ. ಅವರ ಎರಡೂ ಕೈ ಹಿಡಿದು ಅಂಗಳದಲ್ಲಿ ಕುಣಿದೇಬಿಟ್ಟೆ. ಅವರು ಮೊಣಕಾಲು ನೀವಿಕೊಳ್ಳುತ್ತ ಒಂದೇ ಕೇಳಿದರು: "ಎತ್ತುವಾಗ ಹೊಲಿಗಿ ಹರೀಲಿಲ್ಲೇನು?"

ಬೊಂಬಾಯಿಯಲ್ಲಿ ಹಿರಿಯರು ಕೇಳಿದ್ದೂ ಅದನ್ನೇ. ಎದ್ದಾಗ ಮೇಲಿನ ಪದರ ಬಿರಿದಿದ್ದರೆ ಇದ್ದದ್ದೆಲ್ಲ ಸೋರಿಹೋಗಿರುತ್ತದಲ್ಲ? ಕೊರೆಯದೆ ಹೇಳಲಾಗದು ಎಂದೆ. ಎರಡು ವರ್ಷದ ಮೇಲೆ ಕೊರೆದರು. ಪರೀಕ್ಷೆಗೆಂದು ಹಚ್ಚಿದಾಗ ಬಾವಿಯಿಂದ ಬಂದ ಅನಿಲ ಸಮುದ್ರದ ಮೇಲೆ ಭಗ್ಗೆಂದು ಉರಿಯಿತು, ನಾನು ಅಲ್ಲೇ ಅತ್ತುಬಿಟ್ಟೆ.

ಹೇಳಲು ಓಡಿಬಂದಾಗ ಖಾಲಾ ಹಾಸಿಗೆ ಹಿಡಿದಿದ್ದರು. "ಹರೀಲಿಲ್ಲರಿ ಖಾಲಾ" ಎಂದೆ. ಯಾವುದು ಎಂದು ಅವರು ಕೇಳಲಿಲ್ಲ.

"ಹೊಲ್ದಾಂವ ಪಕ್ಕಾ ಅದಾನ ಬೇ" ಎಂದು ನಕ್ಕರು.

ಅದೇ ತಿಂಗಳು ಹೋದರು. ನೆನಪಿಗೆ ಏನು ಬೇಕೆಂದು ಮನೆಯವರು ಕೇಳಿದಾಗ ಡುಬ್ಬದ ಕೌದಿ ಕೇಳಿದೆ. ಇವತ್ತಿಗೂ ಅದರ ಮೇಲೇ ಮಲಗುತ್ತೇನೆ. ಬೆನ್ನಿಗೆ ಒತ್ತುತ್ತದೆ, ಒತ್ತಲಿ.