ಸೀರೆ ಉಟ್ಟ ಡಬ್ಬಿ

ಹೋದ ವರ್ಷದ ಮಹಾಲಯ ಅಮಾವಾಸ್ಯೆ ಕಳೆದಾಗಿನಿಂದ ಬೆಂಕಿಕಡ್ಡಿ ಗೀರುವಾಗ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ಅವತ್ತು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ನಮ್ಮ ತವರಿನವರೇ ನಂಬುವುದಿಲ್ಲ.

ನನ್ನ ತವರು ಹಿರಿಯೂರು ತಾಲ್ಲೂಕಿನ ಧರ್ಮಪುರ. ಕೊಟ್ಟಿದ್ದು ಹೊಸದುರ್ಗ ತಾಲ್ಲೂಕಿಗೆ, ಮತ್ತೋಡು ಹತ್ತಿರದ ಹಳ್ಳಿಗೆ. ಮನೆಯಲ್ಲಿ ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು, ಮತ್ತೆ ನಮ್ಮ ಯಜಮಾನರ ಅಜ್ಜಿ ಹಾಲಮ್ಮ. ತೊಂಬತ್ತು ದಾಟಿದ್ದಾರೆ, ಬಾಯಿ ಮಾತ್ರ ಹದಿನಾರರದ್ದು. ನಾನೂ ಕಡಿಮೆಯವಳಲ್ಲ ಅನ್ನಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೆಳಿಗ್ಗೆ ಶುರುವಾದ ನಮ್ಮಿಬ್ಬರ ಜಗಳ ಸಂಜೆ ಕಾಫಿಗೆ ಮುಗಿಯುತ್ತದೆ.

ಅಜ್ಜಿಗೆ ತಾಯಿಯ ಮುಖ ಗೊತ್ತಿಲ್ಲ. ಅಂಬೆಗಾಲಿಡುವ ಕೂಸಾಗಿದ್ದಾಗಲೇ ತಾಯಿ ತೀರಿಹೋದಳಂತೆ. ಒಂದು ಫೋಟೋ ಕೂಡ ಇಲ್ಲ. ತಾಯಿಯದು ಅಂತ ಉಳಿದಿದ್ದು ಎರಡೇ. ಒಂದು, ಅಜ್ಜಿಯ ಗಲ್ಲದ ಮೇಲಿರುವ ಮೂರು ಹಸಿರು ಚುಕ್ಕಿಯ ಹಚ್ಚೆ. "ಇವಳ ಅವ್ವಂಗೆ ಇದ್ದಂಗೇ ಹಾಕು" ಅಂತ ಹಚ್ಚೆಯವಳ ಮುಂದೆ ಕೂತು ಅಪ್ಪನೇ ಹಾಕಿಸಿದ್ದರಂತೆ. ಇನ್ನೊಂದು, ಊಟದ ತಟ್ಟೆಯಷ್ಟು ಅಗಲದ, ದುಂಡನೆಯ ಒಂದು ತಗಡಿನ ಡಬ್ಬಿ. ತಾಯಿ ಸತ್ತ ಮೇಲೆ ಚಿತ್ರದುರ್ಗದ ಕಡೆಯಿಂದ ಕೋಟು ಹಾಕಿದ ಯಾರೋ ಬಂದು ಅದನ್ನು ಕೊಟ್ಟುಹೋದರಂತೆ. "ನಿಮ್ಮವ್ವಂದು, ತೆಗೀಬೇಡ" ಅಂದಿದ್ದು ಬಿಟ್ಟರೆ ಅಪ್ಪ ಬೇರೆ ಏನೂ ಹೇಳಲಿಲ್ಲ. ಅಜ್ಜಿ ತೆಗೆಯಲಿಲ್ಲ. ಒಳಗೆ ತಾಯಿಯ ಸೀರೆಯಿದೆಯೋ ಬೂದಿಯಿದೆಯೋ ಯಾರಿಗೂ ಗೊತ್ತಿರಲಿಲ್ಲ.

ಮಹಾಲಯಕ್ಕೆ ನಮ್ಮ ಕಡೆ ಹಿರಿಯರ ಫೋಟೋದ ಮುಂದೆ ಎಡೆ ಇಡುತ್ತೇವೆ. ಫೋಟೋ ಇಲ್ಲದವರಿಗೆ ನಮ್ಮ ತವರಲ್ಲಿ ಕಳಶ ಇಡುತ್ತಿದ್ದರು. ಈ ಮನೆಯಲ್ಲಿ ಡಬ್ಬಿಯನ್ನೇ ಗೋಡೆಗೆ ಒರಗಿಸಿ ನಿಲ್ಲಿಸಿ, ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಸೀರೆ ಉಡಿಸುತ್ತಾರೆ. ಅಜ್ಜಿ ಆರಿಸುವುದು ಯಾವಾಗಲೂ ಮುದುಕಿಯರು ಉಡುವಂಥ ಮಾಸಲು ಬಣ್ಣದ ಸೀರೆ. ಎರಡೂ ಕಡೆ ದೀಪ, ಎದುರಿಗೆ ಸಾಂಬ್ರಾಣಿ ಹಾಕಿದ ಕೆಂಡ. ಆಮೇಲೆ ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಜಗಲಿಯಲ್ಲಿ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ಬಡಿದು ಒಳಗೆ ಹೋಗುವುದು ಪದ್ಧತಿ. ನಡುವೆ ತೆಗೆದರೆ ಹಿರಿಯರು ಅರ್ಧ ಊಟಕ್ಕೆ ಏಳುತ್ತಾರೆ ಅನ್ನುತ್ತಾರೆ.

ಅವತ್ತು ಮಧ್ಯಾಹ್ನ ಎಡೆ ಚೆನ್ನಾಗಿ ಒಪ್ಪಿತ್ತು. ಬಾಗಿಲು ಹಾಕುವ ಮೊದಲು ಒಂದು ಫೋಟೋ ತೆಗೆದು ಮೊಬೈಲಿನಲ್ಲಿ ಸ್ಟೇಟಸ್ ಹಾಕಿದೆ. ಜಗಲಿಯಲ್ಲಿ ಕೂತಿದ್ದೆವು, ಅಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ನನ್ನ ಕಾಲೇಜಿನ ಗೆಳತಿಯ ಅಣ್ಣನ ಮಗಳು, ಸ್ಮಿತಾ ಅಂತ. ಮೈಸೂರಿನಲ್ಲಿ ಹಳೇ ಸಿನಿಮಾಗಳನ್ನು ಹುಡುಕಿ ಉಳಿಸುವ ಕೆಲಸ ಮಾಡುವವಳು, ಕೋಟೆ ನೋಡಲು ದುರ್ಗಕ್ಕೆ ಬಂದಿದ್ದಳಂತೆ. ನನ್ನ ಸ್ಟೇಟಸ್ ನೋಡಿದ ಗೆಳತಿ ಫೋಟೋನ ಅವಳಿಗೆ ಕಳಿಸಿದ್ದಳಂತೆ. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ.

"ಆಂಟಿ, ಆ ಡಬ್ಬಿ ಹತ್ತಿರ ದೀಪ ಇನ್ನೂ ಉರೀತಿದೆಯಾ?"

"ಹೂಂ. ಯಾಕಮ್ಮ?"

"ಮೊದಲು ಅದನ್ನ ದೂರ ತೆಗೀರಿ. ಕೆಂಡನೂ. ಆಮೇಲೆ ಮಾತಾಡೋಣ. ಅದು ಸಿನಿಮಾ ರೀಲಿನ ಡಬ್ಬಿ. ಆ ಕಾಲದ ರೀಲು ಪಟಾಕಿ ಮದ್ದಿನ ಥರ ಉರಿಯತ್ತೆ. ಒಳಗೆ ರೀಲು ಇದ್ದು ಬೆಂಕಿ ಸೋಕಿದ್ರೆ ಸಾಕು, ಮನೆ ಉಳಿಯಲ್ಲ."

ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಯಜಮಾನರಿಗೆ ಹೇಳಿದೆ. "ಲೇ, ತಲೆ ನೆಟ್ಟಗೈತಾ ನಿಂಗೆ? ಹಿರೇರು ಉಣ್ತಾ ಅವ್ರೆ, ಈಗ ಬಾಗ್ಲು ತೆಗಿಯಂಗಿಲ್ಲ" ಅಂದರು. ನಾನು ಅವರ ಮುಖ ನೋಡಿದೆ, ಬಾಗಿಲು ನೋಡಿದೆ. ಸಂದಿಯಿಂದ ಹೊಗೆ ಬರುತ್ತಿತ್ತು. ಸಾಂಬ್ರಾಣಿ ಹೊಗೆಯೇ, ಪ್ರತಿವರ್ಷ ಬರುವುದೇ. ಆದರೂ ಈ ಸಲ ಕೂರಲಾಗಲಿಲ್ಲ. ಕೆಮ್ಮಲೂ ಇಲ್ಲ, ಬಡಿಯಲೂ ಇಲ್ಲ, ಬಾಗಿಲು ನೂಕಿ ಒಳಗೆ ಓಡಿದೆ. ಉಡಿಸಿದ್ದ ಸೀರೆಯ ಸೆರಗು ಜಾರಿ ಕೆಂಡದ ಬಟ್ಟಲಿಗೆ ಇನ್ನೇನು ತಾಗುವಷ್ಟು ಹತ್ತಿರ ಬಿದ್ದಿತ್ತು.

ಡಬ್ಬಿ ಎತ್ತಿಕೊಂಡು ಅಂಗಳಕ್ಕೆ ಬಂದು ಬೇವಿನಮರದ ಬುಡದಲ್ಲಿಟ್ಟೆ. ಅಜ್ಜಿ ಬೈದರೋ ಬೈದರು. "ಗಿರಿಜಿ, ನಮ್ಮವ್ವನ್ನ ಅರ್ಧ ಊಟದಾಗೆ ಎಬ್ಬಿಸಿದ್ಯಲ್ಲೇ, ನಿನ್ನ ಕೈ ಸೇದಿಹೋಗ" ಅಂದರು.

ಸ್ಮಿತಾ ಸಂಜೆಯೊಳಗೆ ಕಾರು ಮಾಡಿಕೊಂಡು ಬಂದಳು. ಕೈಗೆ ಗ್ಲೌಸ್ ಹಾಕಿಕೊಂಡು, ಎಷ್ಟೋ ಕಾಲದಿಂದ ಮೆತ್ತಿಕೊಂಡಿದ್ದ ಎಣ್ಣೆ ಅರಿಶಿನ ಕೆರೆದು, ಮುಚ್ಚಳ ಬಿಡಿಸಿದಳು. ಮೂಗು ಸೀದುಹೋಗುವಂಥ ನಾತ ಬಂತು. ಸೀರೆಯೂ ಇಲ್ಲ, ಬೂದಿಯೂ ಇಲ್ಲ. ಸುರುಳಿ ಸುತ್ತಿದ ರೀಲು. ಅಂಚೆಲ್ಲ ಕಂದು ಪುಡಿಯಾಗಿತ್ತು, ನಡುವೆ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಹಾಳಾಗಿದ್ದ ಒಂದು ಉಗುರಿನಷ್ಟು ತುಂಡನ್ನು ದೂರ ಒಯ್ದು ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದಳು. ಬುಸ್ಸೆಂದು ಉರಿ ಎದ್ದಿತು. ಮೇಲೆ ಚೊಂಬಿನಿಂದ ನೀರು ಹುಯ್ದಳು, ನೀರಿನೊಳಗೂ ಉರಿಯಿತು.

ನನ್ನ ಕಣ್ಣ ಮುಂದೆ ಬಂದದ್ದು ಒಂದೇ. ಆ ಡಬ್ಬಿ ಇಡುವ ಗೂಡಿನ ಕೆಳಗೇ ನನ್ನ ಮಕ್ಕಳು ಮಲಗುತ್ತಾರೆ. ಪ್ರತಿ ಸೋಮವಾರ ಅದರ ಮುಂದೆ ಕರ್ಪೂರ ಹಚ್ಚುತ್ತಿದ್ದವಳು ನಾನೇ.

"ಹಾಳು ಬಾವಿಗೆ ಹಾಕಿ ಬರಾಣ ನಡಿ" ಅಂದರು ಯಜಮಾನರು. ನಾನೂ ಹಾಗೇ ಕೂಗಿದೆ. ಯಾಕೆ ಸುಳ್ಳು ಹೇಳಲಿ, ಆಗ ನನಗೆ ಬೇರೆ ಏನೂ ತೋಚಲಿಲ್ಲ.

ಸ್ಮಿತಾ ಮಾತ್ರ ಕೂತಲ್ಲಿಂದ ಏಳಲಿಲ್ಲ. ತಾನು ಹುಡುಕುತ್ತಿದ್ದ ಒಂದು ಚಿತ್ರದ ವಿಷಯವನ್ನೆಲ್ಲ ಹೇಳಿದಳು. ಮಾತು ಬರುವ ಮುಂಚಿನ ಸಿನಿಮಾ ಕಾಲದಲ್ಲಿ ಯಾರೋ ಬಂದು ದುರ್ಗದ ಕೋಟೆಯಲ್ಲಿ ಒಂದು ಮೂಕಿಚಿತ್ರ ತೆಗೆದಿದ್ದರಂತೆ. ಆಗ ಮನೆಮನೆಯಲ್ಲಿ ಓದುತ್ತಿದ್ದ ಕಾದಂಬರಿಯ ಕಥೆ. ನಾಯಕಿಯ ಪಾತ್ರಕ್ಕೆ ಹೆಂಗಸು ಸಿಗದೆ, ಕೋಟೆಯ ಹತ್ತಿರ ಕೂಲಿಗೆ ಬಂದಿದ್ದ ಒಬ್ಬಳನ್ನೇ ನಿಲ್ಲಿಸಿದರಂತೆ. ಅವಳ ಹೆಸರು ಎಲ್ಲೂ ಇಲ್ಲ. ಚಿತ್ರದ ಒಂದು ತುಂಡೂ ಎಲ್ಲೂ ಇಲ್ಲ, ಕಳೆದೇಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು. ಕಾದಂಬರಿಯ ಹೆಸರು ಕೇಳಿದ್ದೇ ನನಗೆ ಗುರುತು ಸಿಕ್ಕಿತು. ಹಿರಿಯೂರಿನಲ್ಲಿ ಓದುವಾಗ ಲೈಬ್ರರಿಯಿಂದ ತಂದು, ಆ ನಾಯಕಿಗಾಗಿ ಹಾಸಿಗೆಯಲ್ಲಿ ಮುಸುಕು ಹಾಕಿಕೊಂಡು ಅತ್ತವಳು ನಾನು.

"ನಮ್ಮಪ್ಪ ನಮ್ಮವ್ವ ದುರ್ಗದಾಗೆ ಕಲ್ಲಿನ ಕೆಲಸಕ್ಕೆ ಹೋಗಿದ್ದು ನಿಜ" ಅಂದರು ಅಜ್ಜಿ. ಆಮೇಲೆ ಯಜಮಾನರ ಕಡೆ ತಿರುಗಿ, "ಅವ್ವನ ಮುಖ ಒಂದ್ಸಲ ನೋಡ್ತೀನಪ್ಪ. ಆಮ್ಯಾಕೆ ಬಾವಿಗಾರ ಹಾಕ್ರಿ, ಎಲ್ಲಿಗಾರ ಹಾಕ್ರಿ" ಅಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಸ್ಮಿತಾ ಪುಡಿಯಾದದ್ದನ್ನೆಲ್ಲ ಬಿಡಿಸುತ್ತ ಹೋದಳು. ಏನೂ ಕಾಣಲಿಲ್ಲ. ಇನ್ನೂ ಬಿಡಿಸಿದಳು, ಬರೀ ಕಂದು ಕಲೆ. ಹೊತ್ತು ಇಳಿಯುತ್ತಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಸುರುಳಿಯ ತೀರ ಒಳಗೆ ಒಂದು ಮೊಳದಷ್ಟು ಮಾತ್ರ ತಿಳಿಯಾಗಿ ಉಳಿದಿತ್ತು. ಅದನ್ನು ಆಕಾಶಕ್ಕೆ ಹಿಡಿದು, ಒಂದೊಂದೇ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ದೊಡ್ಡದು ಮಾಡಿ ಅಜ್ಜಿಯ ಕನ್ನಡಕದ ಮುಂದೆ ಹಿಡಿದಳು.

ಕೋಟೆಯ ಮೆಟ್ಟಿಲ ಹತ್ತಿರ ಒಬ್ಬ ಹುಡುಗಿ. ಗಲ್ಲದ ಮೇಲೆ ಮೂರು ಚುಕ್ಕಿ.

ಅಜ್ಜಿ ತಮ್ಮ ಗಲ್ಲ ಮುಟ್ಟಿಕೊಂಡರು. ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ, ಗಾಬರಿಯಾದರು. "ಇದೇನೇ ಗಿರಿಜಿ, ಇದು ಹುಡುಗಿ ಕಣೇ" ಅಂದರು. "ನಮ್ಮವ್ವ ಇಷ್ಟು ಎಳೇ ಹುಡುಗಿನಾ? ನಾನು ಇವಳಿಗೆ ಮುದುಕಿ ಸೀರೆ ಉಡಿಸ್ತಿದ್ನಲ್ಲೇ."

ಹೌದಲ್ಲ. ಅಜ್ಜಿಗೆ ವಯಸ್ಸಾದಂತೆ ಅವರ ಮನಸ್ಸಿನೊಳಗಿನ ತಾಯಿಗೂ ವಯಸ್ಸಾಗುತ್ತ ಬಂದಿತ್ತು. ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ.

ಸ್ಮಿತಾ ಚಿತ್ರಗಳನ್ನೆಲ್ಲ ಜೋಡಿಸಿ ಓಡಿಸಿದಳು. ಹುಡುಗಿ ಕತ್ತು ತಿರುಗಿಸಿ ನಮ್ಮ ಕಡೆ ನೋಡಿದಳು, ತುಟಿ ಬಿಚ್ಚಿ ಏನೋ ಅಂದಳು. ಅಷ್ಟೇ, ಮುಗಿದುಹೋಯಿತು.

"ಏನಂದ್ಲು?" ಅಂತ ಅಜ್ಜಿ ಕೇಳಿದರು.

"ಅಜ್ಜಿ, ಇದರಲ್ಲಿ ದನಿ ಇರಲ್ಲ" ಅಂದಳು ಸ್ಮಿತಾ.

"ಇನ್ನೊಂದ್ಸಲ ಹಾಕು."

ಹಾಕಿದಳು. ಮತ್ತೆ ಹಾಕಿದಳು. ಎಷ್ಟು ಸಲವೋ. ಕೊನೆಗೆ ಒಂದು ಸಲ ಆ ತುಟಿ ಬಿಚ್ಚಿದಾಗ ಅಜ್ಜಿ, "ಹೂಂ ಕಣವ್ವ, ಇಲ್ಲೇ ಇದೀನಿ" ಅಂದರು. ಯಜಮಾನರು ಎದ್ದು ಬೇವಿನಮರದ ಆಚೆಗೆ ಹೋದರು.

ರೀಲನ್ನು ಸ್ಮಿತಾ ಜೋಪಾನವಾಗಿ ಪ್ಯಾಕ್ ಮಾಡಿ ಒಯ್ದಳು. ಸರಿಯಾದ ಜಾಗದಲ್ಲಿ ತಣ್ಣಗೆ ಇಟ್ಟಿದ್ದಾರಂತೆ. ನಮಗೊಂದು ದೊಡ್ಡ ಫೋಟೋ ಮಾಡಿಸಿ ಕಳಿಸಿದಳು. ಅಷ್ಟು ವರ್ಷ ನಮ್ಮ ಮನೆ ಹೇಗೆ ಉಳಿಯಿತೋ ದೇವರೇ ಬಲ್ಲ.

ಈ ವರ್ಷದ ಮಹಾಲಯಕ್ಕೆ ಅಜ್ಜಿ ಹೊಸದುರ್ಗದಿಂದ ಗಿಳಿಹಸಿರು ಸೀರೆ, ಕೈತುಂಬ ಗಾಜಿನ ಬಳೆ ತರಿಸಿದರು. ಫೋಟೋದ ಮುಂದೆ ಎಡೆ ಇಟ್ಟು ದೀಪ ಹಚ್ಚಿದೆ. "ದೂರ ಇಡೇ ಗಿರಿಜಿ" ಅಂದರು.

"ಇದು ಬರೀ ಫೋಟೋ ಅಜ್ಜೀ, ಏನೂ ಆಗಲ್ಲ" ಅಂದೆ.

"ಗೊತ್ತು. ಆದ್ರೂ ದೂರ ಇಡು. ಸಣ್ಣ ಹುಡುಗಿ ಐತೆ."

ನಾನು ಜಗಳ ಆಡಲಿಲ್ಲ. ದೀಪ ಎತ್ತಿ ಮೂಲೆಗೆ ಇಟ್ಟೆ.