ಕನಿಕರ ಬರುವ ಬಗೆ

ಹಸು ಕಪ್ಪಗಿತ್ತೋ ಕಂದು ಬಣ್ಣದ್ದೋ, ಹುಣಸೂರು ದಾಟಿ ಇದನ್ನು ಬರೆಯುವಷ್ಟರಲ್ಲೇ ಅನುಮಾನ. ಬಿಳಿಕೆರೆಯಲ್ಲಿ ನಮ್ಮ ಬಸ್ಸಿನ ಟಯರ್ ಬದಲಿಸುತ್ತಿದ್ದರು. ರಸ್ತೆ ಬದಿಯ ಕೊಟ್ಟಿಗೆಯಲ್ಲಿ ಹೆಂಗಸೊಬ್ಬರು, ತಾಯಿ ಸತ್ತು ಹಸಿದಿದ್ದ ಕರುವಿನ ಮೈಗೆ ಉಪ್ಪುನೀರು ಸವರಿ, ಕರು ಕಳೆದುಕೊಂಡ ಹಸುವಿನ ಮುಂದೆ ನಿಲ್ಲಿಸಿದರು. ಹಸು ಕೊಂಬಿನಿಂದ ದೂಡಿತು.

“ಕನಿಕರವೇ ಇಲ್ಲವಲ್ಲಮ್ಮ ಇದಕ್ಕೆ,” ಎಂದೆ.

“ಬತ್ತದೆ ಬುಡಿ ಸಾಮಿ. ಉಪ್ಪು ನೆಕ್ಕಕೆ ಬತ್ತದೆ, ನೆಕ್ತಾ ನೆಕ್ತಾ ಕನಿಕರ ಬತ್ತದೆ. ನಿಂತ್ಕಂಡು ನೋಡುದ್ರೆ ನಿಮ್ಗೂ ಬರಕಿಲ್ಲ, ಕರ ಇಡ್ಕಳಿ ಬನ್ನಿ.”

ಕನಿಕರ ‘ತೋರಿಸುವುದು’ ಎಂದೇ ನಾನು ಬರೆದು ರೂಢಿ. ಇವರಿಗೆ ಅದು ಬರುವಂಥದ್ದು, ಅದೂ ನಾಲಿಗೆಯಿಂದ. ಕರುವನ್ನು ಹಿಡಿದುಕೊಂಡೆ. ಹಸು ಮೂಸಿತು, ಒಮ್ಮೆ ನೆಕ್ಕಿತು. ನನ್ನ ಮುಂಗೈಯನ್ನೂ ನೆಕ್ಕಿತು. ಅಷ್ಟರಲ್ಲಿ ಕಂಡಕ್ಟರ್ ಕೂಗಿದ.

ಮುಂಗೈ ಇನ್ನೂ ಅಂಟಂಟು. ಕರುವಿಗೆ ಹಾಲು ಸಿಕ್ಕಿತೋ ಇಲ್ಲವೋ, ಗೊತ್ತಿಲ್ಲ.