ಚಂಪಕಮ್ಮನ ಮರಳು

ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದವನು ಚಕ್ರಪಾಣಿ. ಬೋರ್ಡಿನ ಮೇಲಿದ್ದದ್ದೂ ಅವನ ಹೆಸರೇ. ಆದರೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದದ್ದು ಒಂದೇ ಮಾತು: “ಅಮ್ಮಾವ್ರು ಒಳಗವ್ರಾ?” ಅಮ್ಮಾವ್ರು ಎಂದರೆ ಅವನ ಹೆಂಡತಿ ಚಂಪಕ. ಫೋಟೋ ತೆಗೆಯುವುದು ಗಂಡನ ಕೆಲಸ, ಅದನ್ನು ನಾಲ್ಕು ಜನ ನೋಡುವ ಹಾಗೆ ಮಾಡುವುದು ಹೆಂಡತಿಯ ಕೆಲಸ ಎಂದು ಊರಿಗೆಲ್ಲ ಗೊತ್ತಿತ್ತು. ಚಕ್ರಪಾಣಿಗೂ ಗೊತ್ತಿತ್ತು, ಬಾಯಿ ಬಿಟ್ಟು ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೆ.

ಚಂಪಕ ನಂಜನಗೂಡಿನ ಸಂಸ್ಕೃತ ಮೇಷ್ಟ್ರ ಮಗಳು. ತವರಿನಲ್ಲಿ ಕುಂಚ ಹಿಡಿದವರು ಯಾರೂ ಇರಲಿಲ್ಲ. ಅವಳೂ ರಂಗೋಲಿಯ ಆಚೆಗೆ ಹೋದವಳಲ್ಲ. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಮದುವೆಯಾಗಿ ಬಂದಾಗ ಗಂಡ ಕಪ್ಪು ಬಿಳುಪು ಫೋಟೋಗಳಿಗೆ ತಾನೇ ಬಣ್ಣ ಹಾಕುತ್ತಿದ್ದ. ಅವನ ಕೈಯಲ್ಲಿ ಮದುವಣಗಿತ್ತಿಯರೆಲ್ಲ ಎಲೆಅಡಿಕೆ ಜಗಿದು ಬಾಯಿ ಒರೆಸಿಕೊಳ್ಳದವರ ಹಾಗೆ ಕಾಣುತ್ತಿದ್ದರು. ಒಂದು ಮಧ್ಯಾಹ್ನ ಅವನು ಊಟ ಮಾಡಿ ಒರಗಿದ್ದಾಗ ಚಂಪಕ ಕುಂಚ ಎತ್ತಿಕೊಂಡಳು. ಅವನು ಎದ್ದು ಬಂದು ನೋಡಿ, “ಪರವಾಗಿಲ್ಲ ಕಣೆ,” ಎಂದ. ಅಂದಿನಿಂದ ಕುಂಚ ಅವಳದಾಯಿತು.

ಬಣ್ಣಕ್ಕಿಂತ ಅವಳ ಹೆಸರು ಓಡಿದ್ದು ಪೆನ್ಸಿಲ್ ಕೆಲಸಕ್ಕೆ. ನೆಗೆಟಿವ್ ಅನ್ನು ಓರೆಯಾದ ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಮೆಲ್ಲಗೆ ತೀಡಬೇಕು. ಪೆನ್ಸಿಲ್ ಆಡಿದ ಕಡೆಯೆಲ್ಲ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಹಣೆಯ ಸುಕ್ಕು ಎಲ್ಲವೂ ಅವಳ ಪೆನ್ಸಿಲಿಗೆ ಮಾಯ. ಕಿವಿ ಬರಿದಾಗಿದ್ದರೆ ಕುಂಚದಿಂದ ಓಲೆ, ಕೈ ಬರಿದಾಗಿದ್ದರೆ ವಾಚು. ವರನ ಕಡೆಯವರಿಗೆ ಫೋಟೋ ಕಳಿಸುವ ಹೆಣ್ಣು ಹೆತ್ತವರು ಅವಳ ಟೇಬಲ್ಲಿನ ಮುಂದೆ ದೇವಸ್ಥಾನದಲ್ಲಿ ನಿಂತ ಹಾಗೆ ನಿಲ್ಲುತ್ತಿದ್ದರು.

ಇಂಥವಳಿಗೆ ಮರಳಿನ ಹುಚ್ಚು ಹತ್ತಿದ್ದು ಎಪ್ಪತ್ತಮೂರರಲ್ಲಿ. ಯಾವುದೋ ಶಾಲೆಯ ಪ್ರವಾಸದ ಗ್ರೂಪ್ ಫೋಟೋ ತೆಗೆಯಲು ಚಕ್ರಪಾಣಿ ತಲಕಾಡಿಗೆ ಹೊರಟಾಗ ಅವಳೂ ಜೊತೆಗೆ ಹೋದಳು. ಎಲ್ಲರೂ ದೇವಸ್ಥಾನದ ಕಡೆ ನಡೆದರೆ ಇವಳು ಮರಳಿನ ದಿಬ್ಬ ಹತ್ತಿ ನಿಂತುಬಿಟ್ಟಳು. ಗಾಳಿ ಬರೆದ ಗೆರೆಗಳು ಕಣ್ಣು ಹೋದಷ್ಟು ದೂರ ಹೋಗಿದ್ದವು. ಬೆಳಿಗ್ಗೆ ಬೂದಿಯ ಬಣ್ಣದಲ್ಲಿದ್ದ ಮರಳು ಸಂಜೆಗೆ ಹುರಿದ ರವೆಯ ಬಣ್ಣಕ್ಕೆ ತಿರುಗಿತು. ಗಂಡನ ರೀಲಿನಲ್ಲಿ ಉಳಿದಿದ್ದ ಫಿಲ್ಮನ್ನೆಲ್ಲ ಅವಳು ಮರಳಿಗೇ ಖರ್ಚು ಮಾಡಿಸಿದಳು.

“ಮುಖ ಇಲ್ಲದ ಫೋಟೋನ ಯಾರು ತಗೋತಾರೆ ಚಂಪಕ?” ಎಂದು ಅವನು ಗೊಣಗಿದ.

“ನಾನು ತಗೋತೀನಿ, ತೆಗೀರಿ,” ಎಂದಳು.

ಆಮೇಲೆ ವರ್ಷಕ್ಕೆ ಎರಡು ಮೂರು ಸಲ ತಲಕಾಡಿಗೆ ಹೋಗುವುದು, ಅವನು ತೆಗೆಯುವುದು, ಅವಳು ಬಣ್ಣ ಹಾಕುವುದು ಎಂದಾಯಿತು. ಸ್ಟುಡಿಯೋಗೆ ಮರಳಿನದೇ ಒಂದು ಪರದೆಯನ್ನೂ ಬರೆದಳು. ಹೊಸ ಜೋಡಿಗಳು ಅದರ ಮುಂದೆ ನಿಲ್ಲಲು ಸುತರಾಂ ಒಪ್ಪಲಿಲ್ಲ. ಮದುವೆಯಾದ ಮೊದಲ ವರ್ಷವೇ ಬರಡು ನೆಲವನ್ನು ಬೆನ್ನಿಗಿಟ್ಟುಕೊಳ್ಳುವುದು ಯಾರಿಗೆ ಬೇಕು? ಪರದೆ ಸುರುಳಿ ಸುತ್ತಿಕೊಂಡು ಅಟ್ಟ ಸೇರಿತು. ಅಷ್ಟರಲ್ಲಿ ತಲಕಾಡಿನಲ್ಲಿ ಮರಳು ಹಾರದಂತೆ ಗಾಳಿಮರ, ನೀಲಗಿರಿ ಸಸಿಗಳು ದಿಬ್ಬದಿಂದ ದಿಬ್ಬಕ್ಕೆ ಏರತೊಡಗಿದ್ದವು. ಪ್ರತಿ ಸಲ ಹೋದಾಗಲೂ ಚಂಪಕಳ ಮರಳು ಒಂದಿಷ್ಟು ಕಡಿಮೆಯಾಗಿರುತ್ತಿತ್ತು. ಮರ ಕಂಡರೆ ಮುಖ ಸಿಂಡರಿಸುವ ಹೆಂಗಸು ತಾಲ್ಲೂಕಿನಲ್ಲಿ ಅವಳೊಬ್ಬಳೇ ಇದ್ದಿರಬೇಕು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ತಲಕಾಡಿನ ಹತ್ತಿರದ ಹೆಮ್ಮಿಗೆಯಿಂದ ಮಂಚಮ್ಮ ಬಂದಳು. ಹೊಲ, ಎಮ್ಮೆ ನೋಡಿಕೊಂಡಿದ್ದ ಗಟ್ಟಿ ಹೆಂಗಸು. ಸೆರಗಿನ ಗಂಟು ಬಿಚ್ಚಿ, ಅಂಗೈಯಲ್ಲಿ ಮುಚ್ಚಬಹುದಾದಷ್ಟು ಸಣ್ಣ ಫೋಟೋ ತೆಗೆದಳು. ಮಗ ಮಾದಪ್ಪ ಮಿಲಿಟ್ರಿಯಲ್ಲಿದ್ದ. ರಾಜಸ್ಥಾನದ ಗಡಿಯಿಂದ ಕಳಿಸಿದ್ದ. ಜೊತೆಯವನು ಯಾರೋ ತೆಗೆದದ್ದು. ಅವಳ ಹತ್ತಿರ ಮಗನದು ಅಂತ ಇದ್ದದ್ದು ಆ ಒಂದೇ ಫೋಟೋ.

“ದೊಡ್ಡದು ಮಾಡ್ಕೊಡಿ ಅಮ್ಮಾರೆ, ಬಣ್ಣ ಆಕಿ. ಗೋಡೆಗೆ ತಗಲಾಕಂತೀನಿ. ಎರಡು ವರ್ಸಾತು ಮಗೀನ ಮುಕ ನೋಡಿ.”

ಚಂಪಕ ಫೋಟೋ ಕೈಗೆ ತೆಗೆದುಕೊಂಡವಳು ಮಾದಪ್ಪನನ್ನು ನೋಡಲೇ ಇಲ್ಲ. ಅವನ ಹಿಂದೆ ನಿಜವಾದ ಮರುಭೂಮಿ ಇತ್ತು. ತಲಕಾಡಿನ ದಿಬ್ಬಗಳನ್ನು ಹತ್ತು ಸಲ ಮಡಿಲಲ್ಲಿಟ್ಟುಕೊಳ್ಳುವಷ್ಟು ಮರಳು, ಗೆರೆಯ ಹಿಂದೆ ಗೆರೆ, ಎಲ್ಲೂ ಒಂದು ಗಿಡವಿಲ್ಲ. ಇಷ್ಟು ವರ್ಷ ಕಾದದ್ದು ಹೆಮ್ಮಿಗೆಯ ಹೆಂಗಸಿನ ಸೆರಗಿನಲ್ಲಿ ಬಂದಿತ್ತು.

“ಇನ್ನೊಂದ್ ಮಾತು,” ಎಂದಳು ಮಂಚಮ್ಮ. “ಬಿಸ್ಲಲ್ಲಿ ನಿಂತವ್ನೆ. ಪಕ್ದಲ್ಲಿ ನೆಳ್ಳಿಗೆ ಒಂದು ಮರ ಆಕ್ಬುಡಿ.”

“ಮರಾನಾ? ಅಲ್ಲಿ ಮರ ಎಲ್ಲಿದೆ ಮಂಚಮ್ಮ? ಇಲ್ಲದ್ದನ್ನ ಹೇಗೆ ಹಾಕ್ಲಿ?”

“ನಮ್ಮೂರ ರುದ್ರಮ್ಮನ ಮಗಳಿಗೆ ಇಲ್ದಿರೋ ವಾಲೆ ಆಕ್ಕೊಟ್ರಂತೆ?”

“ಅದು ಬೇರೆ,” ಎಂದು ಚಂಪಕ ಮಾತು ಮುಗಿಸಿದಳು. ಏನು ಬೇರೆ ಎಂದು ಅವಳಿಗೂ ಗೊತ್ತಿರಲಿಲ್ಲ. ಮಂಚಮ್ಮ ಮತ್ತೆ ಕೇಳಲಿಲ್ಲ. ತಲಕಾಡಿನ ಮರಳಿನಲ್ಲಿ ನಡುಮಧ್ಯಾಹ್ನ ಬರಿಗಾಲಲ್ಲಿ ಹುಲ್ಲು ಹೊತ್ತು ನಡೆದವಳು ಅವಳು; ಮರಳು ಅಂದರೆ ಏನೆಂದು ಅವಳ ಅಂಗಾಲಿಗೆ ಗೊತ್ತಿತ್ತು.

ಚಕ್ರಪಾಣಿ ಆ ಸಣ್ಣ ಫೋಟೋವನ್ನೇ ಕ್ಯಾಮೆರಾದಲ್ಲಿ ಹಿಡಿದು ದೊಡ್ಡ ನೆಗೆಟಿವ್ ಮಾಡಿ, ಮೂಲವನ್ನು ಮಂಚಮ್ಮನಿಗೆ ವಾಪಸು ಕೊಟ್ಟ. ಪರೀಕ್ಷೆಗೆ ಒಂದು ಪ್ರಿಂಟು ತೆಗೆದು, “ಕೆಳಗಡೆ ಮೂಲೇಲಿ ಏನೋ ಕಪ್ಪಗಿದೆ ನೋಡೆ,” ಎಂದ. ನಿಜ, ಎಡಗಡೆಯ ಕೆಳಮೂಲೆಯಿಂದ ಮಾದಪ್ಪನ ಬೂಟಿನ ಹತ್ತಿರದವರೆಗೆ ಒಂದು ಮಸುಕು ಹಬ್ಬಿತ್ತು, ನಡುನಡುವೆ ಬಿಳಿ ಚುಕ್ಕೆಗಳು.

“ಎಣ್ಣೆ ಕೈಯಲ್ಲಿ ಹಿಡಿದಿದ್ದಾಳೆ, ಇನ್ನೇನು? ತೆಗೀತೀನಿ ಬಿಡಿ,” ಎಂದಳು ಚಂಪಕ.

ತೆಗೆದಳು. ಸುಕ್ಕು ತೆಗೆದ ಹಾಗೆ, ಸಿಡುಬು ತೆಗೆದ ಹಾಗೆ ಪೆನ್ಸಿಲಿನಿಂದ ತೀಡಿ ತೀಡಿ ಆ ಮೂಲೆಯನ್ನು ಹೊಳೆಯುವ ಮರಳು ಮಾಡಿದಳು. ಪ್ರಿಂಟು ಬಂದ ಮೇಲೆ ಗಾಳಿಯ ಗೆರೆಗಳನ್ನು ಅಲ್ಲಿಗೂ ಎಳೆದು ಸೇರಿಸಿದಳು. ಆಮೇಲೆ ಬಣ್ಣಕ್ಕೆ ಕೂತಳು. ಕ್ಯಾಲೆಂಡರಿನ ಅರಿಸಿನ ಹಳದಿ ಅಲ್ಲ. ತಲಕಾಡಿನಲ್ಲಿ ಕಲಿತ ಬೂದಿ, ರವೆ, ದೂರಕ್ಕೆ ಹೋದಂತೆ ತೆಳು ಗುಲಾಬಿ. ಮುಗಿದಾಗ ಚಕ್ರಪಾಣಿ ಬಹಳ ಹೊತ್ತು ನೋಡಿ, ಮದುವೆಯಾಗಿ ಮೊದಲ ಸಲ, “ಇದು ನನ್ನ ಕೈಲಿ ಆಗ್ತಿರಲಿಲ್ಲ,” ಎಂದ. ಆ ದಿನ ಚಂಪಕಳ ಕಾಲು ನೆಲದ ಮೇಲಿರಲಿಲ್ಲ.

ಮಂಚಮ್ಮ ಬಂದಳು. ಚಿತ್ರವನ್ನು ಎರಡು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಂದಳು. ಮುಖ ನೋಡಿದಳು, ನಕ್ಕಳು. ಆಮೇಲೆ ಸುತ್ತಲಿನ ಮರಳು ನೋಡಿದಳು. ನಗು ಹೋಯಿತು.

“ಅಮ್ಮಾರೆ, ಕಾದ ಅಂಚಿನ್ ಮ್ಯಾಲೆ ನಿಲ್ಸಿದಂಗದೆ ನನ್ ಮಗನ್ನ. ದಿನಾ ಉಣ್ಣಾಗ ಇದನ್ ನೋಡಕಾದದಾ? ನೀವೇ ಮಡಿಕ್ಕಳಿ.” ಬೈಯಲಿಲ್ಲ, ಅಳಲೂ ಇಲ್ಲ. ಟೇಬಲ್ಲಿನ ಮೇಲಿಟ್ಟು ಹೆಮ್ಮಿಗೆ ಬಸ್ಸಿಗೆ ಹೊರಟುಹೋದಳು.

ಚಂಪಕಳಿಗೆ ಕೋಪ ಬಂತು, ಅವಮಾನವಾಯಿತು. ಹಟಕ್ಕೆ ಆ ಚಿತ್ರವನ್ನೇ ಹೊರಗಿನ ಗಾಜಿನ ಬೀರುವಿನಲ್ಲಿಟ್ಟಳು. ಬಸ್ಸಿಗೆ ಕಾಯುವವರು, ಕೋರ್ಟಿಗೆ ಬಂದವರು, ಕಾಲೇಜಿನ ಲೆಕ್ಚರರುಗಳು ಎಲ್ಲ ನಿಂತು ನೋಡಿ ಹೊಗಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಹೆಮ್ಮಿಗೆಯ ಖಾಲಿ ಗೋಡೆಯೊಂದು ಅವಳ ಕಣ್ಣಿಗೆ ಕಟ್ಟುತ್ತಿತ್ತು. ಒಂದು ಮರ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಒಮ್ಮೆ ಅನ್ನಿಸುವುದು. ಇಲ್ಲದ ಮರ ಹಾಕಿ ಆ ಮರಳನ್ನು ಕೆಡಿಸುವುದು ಹೇಗೆ ಎಂದು ಮರುಗಳಿಗೆಯೇ ಅನ್ನಿಸುವುದು. ಎರಡು ಸಲ ಹಸಿರು ಬಣ್ಣದ ಕುಂಚ ಹಿಡಿದು ಕೂತು, ಹಾಗೇ ತೊಳೆದಿಟ್ಟಳು.

ಮಾರನೆಯ ವರ್ಷ ರಜೆಯ ಮೇಲೆ ಬಂದ ಮಾದಪ್ಪ ಮೈಸೂರು ಬಸ್ಸಿನಿಂದ ಇಳಿದ. ತಗಡಿನ ಟ್ರಂಕು ಹೆಗಲ ಮೇಲಿಟ್ಟುಕೊಂಡು ಹೊರಟವನು ಗಾಜಿನೊಳಗೆ ತನ್ನನ್ನೇ ಕಂಡು ನಿಂತುಬಿಟ್ಟ.

“ಸಾ, ಅದು ನಾನಲ್ವಾ?”

ಚಕ್ರಪಾಣಿ ಹೆಂಡತಿಯನ್ನು ಕೂಗಿದ. ಚಂಪಕ ಕೈಯಲ್ಲಿದ್ದ ಪೆನ್ಸಿಲ್ ಹಿಡಿದುಕೊಂಡೇ ಹೊರಗೆ ಬಂದಳು. ಅಷ್ಟು ದೂರದಿಂದ ಬಂದವನನ್ನು ಕ್ಷೇಮ ಕೇಳಬೇಕೆಂಬುದೂ ಮರೆತು, “ಮರಳಿನ ಬಣ್ಣ ಸರಿಯಾಗಿದೆಯೇನಪ್ಪ?” ಎಂದಳು.

“ಅಂಗೇ ಅದೆ ಅಮ್ಮಾರೆ. ಅಲ್ಲಿಗೇ ಓಗಿ ನೋಡ್ಕಂಡು ಬಂದಂಗೆ ಬರ್ದಿದೀರಿ.” ಅವನು ಗಾಜಿಗೆ ಮೂಗು ತಾಗಿಸಿ ನೋಡಿದ. “ಆದ್ರೆ ಮರದ ನೆಳ್ಳು ಎಲ್ಲೋಯ್ತು?”

“ಯಾವ ಮರ?”

“ನಮ್ ಪೋಸ್ಟ್ ತಾವ ಇದ್ದದ್ದು ಒಂದೇ ಮರ ಕಣಮ್ಮಾರೆ. ಬನ್ನಿ ಮರ. ನಮ್ಮೂರ್ ಕಡೆ ಅಬ್ಬಕ್ಕೆ ಪೂಜೆ ಮಾಡ್ತೀವಲ್ಲ, ಅದೇ ಬನ್ನಿ. ಎಲ್ಲಾರೂ ಅದರಡೀಲೇ ಕೂತಿದ್ವಿ. ಬೆಳಕಿಗೆ ನಿಂತ್ಕೋ ಅಂತ ಆ ಪೋಟ ತೆಗ್ಯೋನು ನನ್ನ ಆಚೆ ನಿಲ್ಸಿದ, ಅವನು ಮರದಡೀಲಿ ಕೂತೇ ತೆಗ್ದ. ನನ್ ಬೂಟ್ ತಾವಕೇ ನೆಳ್ಳು ಬಿದ್ದಿತ್ತು, ಇಲ್ಲಿ,” ಎಂದು ಗಾಜಿನ ಮೇಲೆ ಎಡಮೂಲೆಗೆ ಬೆರಳಿಟ್ಟ.

ಎಣ್ಣೆ ಕೈಯ ಕಲೆ. ನಡುನಡುವೆ ಬಿಳಿ ಚುಕ್ಕೆಗಳು. ಬನ್ನಿಯ ಸಣ್ಣ ಎಲೆಗಳ ಸಂದಿನಿಂದ ಬಿದ್ದ ಬಿಸಿಲು. ಚಂಪಕ ಮೆಟ್ಟಿಲ ಮೇಲೆ ಕೂತಳು. ತಾಯಿ ನೆರಳು ಕೇಳಿದ್ದಳು. ನೆರಳು ಮೊದಲೇ ಇತ್ತು. ಇಲ್ಲದ ಮರ ಹಾಕುವುದಿಲ್ಲ ಎಂದು ಜಂಬ ಕೊಚ್ಚಿದವಳು ಇದ್ದ ನೆರಳನ್ನೇ ತೀಡಿ ತೆಗೆದಿದ್ದಳು, ಅದರ ಮೇಲೆ ಕಲೆಯ ದೋಷವನ್ನೂ ಆ ಹೆಂಗಸಿನ ಕೈಗೇ ಕಟ್ಟಿದ್ದಳು.

ಮಾದಪ್ಪ ಊರಿಗೆ ಹೊರಟ ಕೂಡಲೇ ನೆಗೆಟಿವ್ ಹುಡುಕಿ ತೆಗೆದಳು. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೂಲೆಯನ್ನು ಒರೆಸಿದಳು. ತನ್ನ ಪೆನ್ಸಿಲ್ ಕೆಲಸವೆಲ್ಲ ಬೂದಿಯಾಗಿ ಹತ್ತಿಗೆ ಬಂತು. ಡಾರ್ಕ್ ರೂಮಿನ ಕೆಂಪು ಬೆಳಕಿನಲ್ಲಿ ಚಕ್ರಪಾಣಿ ಹೊಸ ಕಾಗದವನ್ನು ಔಷಧಿಯ ತಟ್ಟೆಗೆ ಬಿಟ್ಟ. ಕಪ್ಪಾದದ್ದು ಯಾವಾಗಲೂ ಮೊದಲು ಏಳುತ್ತದೆ. ಬಿಳಿ ಕಾಗದದ ಮೂಲೆಯಲ್ಲಿ ಮೊದಲು ನೆರಳು ಎದ್ದಿತು. ಅದರ ಹಿಂದೆ ಬೂಟು, ಆಮೇಲೆ ಮಾದಪ್ಪ, ಕಟ್ಟಕಡೆಗೆ ಮರಳು. ಚಂಪಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವಾರದ ಮೇಲೆ ಮಾದಪ್ಪ ತಾಯಿಯನ್ನು ಕರೆದುಕೊಂಡು ಬಂದ. ಚಂಪಕ ಬಣ್ಣ ಹಾಕಿದ ಹೊಸ ಚಿತ್ರವನ್ನು ಕೈಗೆ ಕೊಡುವ ಮೊದಲೇ ಹೇಳಿಬಿಟ್ಟಳು: “ನೆರಳು ಇತ್ತು ಮಂಚಮ್ಮ. ಕಲೆ ಅಂದ್ಕೊಂಡು ನಾನೇ ಅಳಿಸಿದ್ದೆ. ನಿನ್ನ ಕೈ ಎಣ್ಣೆ ಅಂದ್ಕೊಂಡಿದ್ದೆ. ತಪ್ಪಾಯ್ತು.”

ಮಂಚಮ್ಮ ಆ ಮಾತಿಗೆ ಕಿವಿಗೊಟ್ಟಳೋ ಇಲ್ಲವೋ. ಬಾಗಿಲ ಬೆಳಕಿಗೆ ಹೋಗಿ, ಮಗನ ಮುಖ ನೋಡಿ, ಬೆರಳನ್ನು ಮೆಲ್ಲಗೆ ಕೆಳಗಿಳಿಸಿ ಬೂಟಿನಿಂದ ನೆರಳಿನವರೆಗೆ ಅಳೆದಳು. ಇನ್ನೊಮ್ಮೆ ಅಳೆದಳು.

“ದೂರ ಇಲ್ಲ ಕಣವ್ವ,” ಎಂದಳು. “ಒಂದೆಜ್ಜೆ ಇಟ್ರೆ ನೆಳ್ಳಿಗೆ ಬಂದುಬುಡ್ತಾನೆ.”

ಗಾಜಿನ ಬೀರುವಿನಲ್ಲಿದ್ದ ಹಳೆಯ ಚಿತ್ರವನ್ನು ಚಂಪಕ ಅಂದೇ ಒಳಗೆ ತಂದು ತನ್ನ ಟೇಬಲ್ಲಿನ ಎದುರು ಗೋಡೆಗೆ ಹಾಕಿಕೊಂಡಳು. ಯಾರದೇ ಮುಖದ ಮೇಲೆ ಪೆನ್ಸಿಲ್ ಇಡುವ ಮೊದಲು, “ಇದು ಏನು, ತೆಗೀಲಾ?” ಎಂದು ಕೇಳುವುದು ಅವಳಿಗೆ ಅಭ್ಯಾಸವಾಯಿತು. ಎಂಬತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ಕಲರ್ ಫಿಲ್ಮ್ ಬಂದು ಕುಂಚಕ್ಕೂ ಪೆನ್ಸಿಲಿಗೂ ಕೆಲಸ ತಪ್ಪಿತು. ತಲಕಾಡಿನ ದಿಬ್ಬಗಳ ಮೇಲೆ ಗಾಳಿಮರಗಳು ಎತ್ತರವಾದವು. ಚಂಪಕ ಈಗ ಅಲ್ಲಿಗೆ ಹೋದರೆ ಅವುಗಳ ಬುಡದಲ್ಲೇ ಕೂರುತ್ತಿದ್ದಳು.

ಒಂದು ಸಲ ಹಾಗೆ ಹೋದವಳು ಹೆಮ್ಮಿಗೆಯಲ್ಲಿ ಇಳಿದು ಮಂಚಮ್ಮನ ಮನೆಗೂ ಹೋದಳು. ವಿಜಯದಶಮಿ ಕಳೆದು ಎರಡು ದಿನವಾಗಿತ್ತು. ಚಿತ್ರ ಅಡುಗೆ ಒಲೆಯ ಎದುರು ಗೋಡೆಯಲ್ಲಿತ್ತು. ದೇವರ ಪಟಗಳ ಮೇಲೆಲ್ಲ ಬನ್ನಿ ಎಲೆ ಇಟ್ಟಿದ್ದಳು ಮಂಚಮ್ಮ. ಮಗನ ಚಿತ್ರಕ್ಕೆ ಮಾತ್ರ ಮೇಲಲ್ಲ, ಕೆಳಗೆ, ನೆರಳು ಬಿದ್ದ ಎಡಮೂಲೆಗೆ ಸಿಕ್ಕಿಸಿದ್ದಳು.